ಕುಂಕುಮ ಹಚ್ಚಿದ ಹೊಸ ಬ್ರೇಕು

ಗೆಳೆಯರೇ, ಅಣ್ಣನ ಬಿಗ್ ಬ್ರೇಕ್ ಕಿಟ್, ಅಂದರೆ ಕಾರಿಗೆ ಹಾಕುವ ದೊಡ್ಡ ಬ್ರೇಕುಗಳ ಸೆಟ್ಟು, ಇವತ್ತು ಕೊನೆಗೂ ಮನೆ ಬಿಟ್ಟಿತು. ತನ್ನ ಕಾರನ್ನು ರೇಸಿಗೆ ಇಳಿಸುವ ಕನಸಿನಲ್ಲಿ ಮದುವೆಗೆ ಮೊದಲೇ ತಂದಿದ್ದ. ಅದು ಡಬ್ಬದಿಂದ ಕಾರಿಗೆ ಹೋಗಲೇ ಇಲ್ಲ. ನಾಳೆ ಅತ್ತಿಗೆ ಮಗುವಿನೊಂದಿಗೆ ಆನೇಕಲ್ಲಿನ ತವರಿನಿಂದ ಬರುತ್ತಾರೆ. ಬಾಗಲಗುಂಟೆಯ ನಮ್ಮ ಪುಟ್ಟ ಮನೆಯಲ್ಲಿ ತೊಟ್ಟಿಲಿಗೆ ಸಿಗುವ ಜಾಗವೆಂದರೆ ಆ ಡಬ್ಬ ಕೂತಿದ್ದ ಮೂಲೆ ಮಾತ್ರ.

ಕೊಳ್ಳಲು ವೈಟ್‌ಫೀಲ್ಡಿನಿಂದ ಬಂದ ಹುಡುಗ ಊಟದ ತಟ್ಟೆಯಷ್ಟು ಅಗಲದ ಬ್ರೇಕ್ ಡಿಸ್ಕನ್ನು ಎತ್ತಿ ಬೆಳಕಿಗೆ ಹಿಡಿದ. ಮುಖ ಗಂಟಾಯಿತು.

"ಯೂಸೇ ಮಾಡಿಲ್ಲ ಅಂದ್ರಲ್ಲ ಗುರು, ಇದೇನು ಕೆಂಪು? ತುಕ್ಕಾ?"

ಅಣ್ಣ ನನ್ನ ಕಡೆ ತಿರುಗಿದ. ಜಾಹೀರಾತಿಗೆ 'ಕೈ ಮುಟ್ಟದ ಮಾಲು' ಎಂದು ಬರೆದುಕೊಟ್ಟವಳು ನಾನು. ಮೆಲ್ಲನೆ ಬಾಗಿಲ ಹಿಂದೆ ಸರಿದೆ.

ಅಮ್ಮ ಅಡುಗೆಮನೆಯಿಂದ ಬಂದರು. "ತುಕ್ಕಲ್ಲಪ್ಪ, ಕುಂಕುಮ. ಪ್ರತಿ ಆಯುಧಪೂಜೆಗೂ ಹೊರಗೆ ತೆಗ್ದು ಇಡ್ತೀನಿ. ಇವ್ನು ಕಾರಿಗೆ ಹಾಕ್ಲಿಲ್ಲ ಅಂತ ಅದಕ್ಕೆ ಪೂಜೆ ತಪ್ಸೋಕಾಗುತ್ತಾ?"

ಹುಡುಗ ಬೆರಳಿನಿಂದ ಒರೆಸಿದ, ಮೂಸಿ ನೋಡಿದ, ನಕ್ಕುಬಿಟ್ಟ. "ಪೂಜೆ ಆಗೋಗಿದೆ ಅಂದ್ರೆ ನಂಗೆ ಒಂದು ನಿಂಬೆಹಣ್ಣು ಉಳೀತು ಆಂಟಿ." ಹೇಳಿದ ಬೆಲೆಗೇ ಒಪ್ಪಿ ಹೊತ್ತುಕೊಂಡು ಹೋದ.

ಅಣ್ಣ ಕೂಡಲೇ ತೊಟ್ಟಿಲನ್ನು ಮೂಲೆಗೆ ತಂದಿಟ್ಟು, ಖಾಲಿ ತೊಟ್ಟಿಲನ್ನೇ ಜೋರಾಗಿ ತೂಗತೊಡಗಿದ. ಕುಂಕುಮದ ಬಟ್ಟಲು ಹಿಡಿದು ಬಂದ ಅಮ್ಮ ಅಂದರು:

"ಮೆಲ್ಲಗೆ ಕಣೋ, ಬ್ರೇಕು ಈಗ್ತಾನೆ ಮಾರ್ಕೊಂಡಿದೀಯ."