ಜಬ್ಬಾರಣ್ಣ ಕಳಿಸಿದ ಹಾಲಿನ ಪುಡಿ

ನಮ್ಮ ಕಡೆ ಡಬ್ಬಗಳಿಗೆ ಸಾವಿಲ್ಲ. ಎಣ್ಣೆ ಡಬ್ಬದ ಬಾಯಿಗೆ ಅಡ್ಡಪಟ್ಟಿ ಹೊಡೆದರೆ ಅದು ನೀರು ಹೊರುವ ಡಬ್ಬ. ಅದರ ತಳ ತೂತಾದರೆ ತುಳಸಿ ನೆಡುವ ಕುಂಡ. ಬಿಸ್ಕತ್ತಿನ ಡಬ್ಬವಂತೂ ಪಹಣಿ, ಜಾತಕ, ರಸೀದಿಗಳಿಗೆಲ್ಲ ಬೀರು. ಹಾಗಾಗಿ ಎಂಬತ್ತರ ದಶಕದ ಆರಂಭದಲ್ಲಿ ಸುಗಟೂರಿನ ನಮ್ಮ ಬೀದಿಗೆ ಸೌದಿಯಿಂದ ಒಂದು ಹಾಲಿನ ಪುಡಿಯ ಡಬ್ಬ ಬಂದಾಗ, ಖಾಲಿಯಾದ ಮೇಲೆ ಅದು ತಮಗೇ ಬೇಕೆಂದು ಮೂರು ಮನೆಯವರು ಮುಚ್ಚಳ ತೆಗೆಯುವ ಮೊದಲೇ ಹೇಳಿಟ್ಟಿದ್ದರು ಎಂದರೆ ನೀವು ನಗಬಾರದು. ಡಬ್ಬದ ಮೇಲೆ ಕೆನ್ನೆ ತುಂಬಿದ ಮಗುವೊಂದು ನಮ್ಮೂರಿನ ಯಾವ ಮಗುವೂ ನಗದಷ್ಟು ನಿಶ್ಚಿಂತೆಯಿಂದ ನಗುತ್ತಿತ್ತು.

ಕಳಿಸಿದವನು ಎದುರು ಮನೆಯ ಜಬ್ಬಾರಣ್ಣ. ಕೋಲಾರದ ಮಂಡಿಗೆ ತರಕಾರಿ ಲಾರಿ ಓಡಿಸುತ್ತಿದ್ದವನು, ಹೆಂಡತಿ ನೂರಕ್ಕ ಐದು ತಿಂಗಳ ಬಸುರಿಯಾಗಿದ್ದಾಗ ಡ್ರೈವರ್ ಕೆಲಸ ಸಿಕ್ಕಿತೆಂದು ಸಮುದ್ರ ದಾಟಿಬಿಟ್ಟ. ನೂರಕ್ಕ ಮನೆಯಲ್ಲೇ ಚರಕ ಇಟ್ಟುಕೊಂಡು ರೇಷ್ಮೆ ನೂಲು ತೆಗೆಯುತ್ತ, ಅವನು ಉರ್ದುವಿನಲ್ಲಿ ಬರೆದ ಕಾಗದಗಳನ್ನು ನಮಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಲ್ಲಿ ರಸ್ತೆಯಲ್ಲಿ ಒಂದೂ ಗುಂಡಿಯಿಲ್ಲವಂತೆ, ಕರೆಂಟು ಹೋಗುವುದೇ ಇಲ್ಲವಂತೆ, ಸೆಕೆಯಾದರೆ ಗೋಡೆಯಿಂದಲೇ ತಣ್ಣನೆ ಗಾಳಿ ಬರುತ್ತದಂತೆ. ನಮ್ಮ ಅತ್ತಿಗೆ ರತ್ನಮ್ಮ, ಶ್ರೀನಿವಾಸಪುರದ ಆಚೆಯ ಆಂಧ್ರದ ಗಡಿಯಿಂದ ಬಂದವಳು, ತನ್ನ ಮಗನಿಗೆ ಮೊಲೆ ಕೊಡುತ್ತ ಇದನ್ನೆಲ್ಲ ಕೇಳಿಸಿಕೊಂಡು, "ಹಂಗಾರೆ ಅಲ್ಲಿ ಜನ ಮನೆಬಿಟ್ಟು ಹೊರಗೇ ಬರಲ್ಲ ಅನ್ನು, ಪಾಪ" ಎನ್ನುತ್ತಿದ್ದಳು.

ನಾನಾಗ ದಿನವೂ ಬಸ್ಸಿನಲ್ಲಿ ಕೋಲಾರಕ್ಕೆ ಹೋಗಿ ಪಿಯುಸಿ ಓದುತ್ತಿದ್ದೆ. ಭೂಗೋಳದ ಮೇಷ್ಟರು ಪ್ರಪಂಚದ ನಕ್ಷೆ ನೇತುಹಾಕಿ, ಇವು ಮುಂದುವರಿದ ದೇಶಗಳು, ಇವು ಹಿಂದುಳಿದವು ಎಂದು ಕೋಲಿನಿಂದ ತೋರಿಸುವಾಗ, ಎಲ್ಲ ದೇಶಗಳೂ ಒಂದೇ ದಾರಿಯಲ್ಲಿ ಹೊರಟಿವೆ, ನಾವು ಸ್ವಲ್ಪ ತಡವಾಗಿ ಎದ್ದೆವು, ಅಷ್ಟೇ ಎಂದುಕೊಳ್ಳುತ್ತಿದ್ದೆ. ಬೀದಿಗೆಲ್ಲ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ ಆದ್ದರಿಂದ ಡಬ್ಬದ ಮೇಲಿನ ಬರಹ ಓದುವ ಭಾಗ್ಯ ನನ್ನದಾಯಿತು. ಇಷ್ಟು ಪುಡಿಗೆ ಇಷ್ಟು ನೀರು, ನೀರನ್ನು ಕುದಿಸಿ ಆರಿಸಬೇಕು, ಪ್ರತಿ ಸಲವೂ ಬಾಟಲಿಯನ್ನು ಕುದಿಯುವ ನೀರಿನಲ್ಲಿ ಅದ್ದಬೇಕು ಎಂದು ಅಚ್ಚುಕಟ್ಟಾಗಿ ಓದಿ ಹೇಳಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು.

"ನನ್ನ ಹಾಲೂ ಕೊಡ್ತಾ ಇದೂ ಕೊಡ್ಲಾ ಸರೋಜ?" ಎಂದು ನೂರಕ್ಕ ಕೇಳಿದಳು. ಮಗು ಮುನ್ನಿಗೆ ಆಗ ಎರಡು ತಿಂಗಳು.

"ಅಲ್ಲೆಲ್ಲ ಮಕ್ಕಳು ಇದನ್ನೇ ಕುಡಿಯೋದು ಅಕ್ಕ. ಚಿತ್ರ ನೋಡು, ಹೆಂಗಿದೆ ಮಗು! ಇಂಥದ್ದು ಮನೆಗೆ ಬಂದಿರೋವಾಗ ನಿನ್ನ ಹಾಲ್ಯಾಕೆ?" ಎಂದೆ. ಈ ಮಾತು ಡಬ್ಬದ ಮೇಲೆ ಎಲ್ಲಿಯೂ ಬರೆದಿರಲಿಲ್ಲ. ನಾನೇ ಸೇರಿಸಿದ್ದು.

ಇನ್ನು ನಮ್ಮ ಬೀದಿಯ ಪದ್ಧತಿಯೊಂದನ್ನು ನಿಮಗೆ ಹೇಳಬೇಕು. ದೂರದಿಂದ ಬಂದ ತಿನ್ನುವ ಪದಾರ್ಥವನ್ನು ಒಂದೇ ಮನೆಯವರು ತಿನ್ನುವಂತಿಲ್ಲ. ತಿರುಪತಿಯ ಲಾಡುವಾದರೆ ಪುಡಿಮಾಡಿ ಚಿಟಿಕೆ ಚಿಟಿಕೆಯಾಗಿ, ಮೆಕ್ಕಾದ ಖರ್ಜೂರವಾದರೆ ಸೀಳಿ ಸೀಳಿ, ಎಲ್ಲರ ಬಾಯಿಗೂ ಬೀಳಬೇಕು. ಸೌದಿಯ ಹಾಲಿನ ಪುಡಿ ನೋಡಲು ಬಂದ ಪ್ರತಿ ಮಗುವಿನ ಅಂಗೈಗೂ ನೂರಕ್ಕ ಒಂದು ಚಮಚ ಹಾಕಿದಳು, ಕಂಕುಳಲ್ಲಿ ಮಗುವಿದ್ದವರಿಗೆ ಕಾಗದದಲ್ಲಿ ಕಟ್ಟಿಯೂ ಕೊಟ್ಟಳು. ನಾನೂ ಅಂಗೈ ಚಾಚಿ ನೆಕ್ಕಿದೆ. ಅಂಗುಳಿಗೆ ಅಂಟಿಕೊಂಡ ಆ ಸಿಹಿಯ ರುಚಿ ಈಗಲೂ ನೆನಪಿದೆ. ಹೀಗೆ ಡಬ್ಬ ಅರ್ಧಕ್ಕಿಳಿಯಿತು. ಇನ್ನೊಂದು ಬರಬೇಕಾದರೆ ಅಲ್ಲಿಂದ ಯಾರಾದರೂ ರಜೆಗೆ ಬರಬೇಕು. ನೂರಕ್ಕ ಎರಡು ಚಮಚದ ಜಾಗದಲ್ಲಿ ಒಂದು ಹಾಕತೊಡಗಿದಳು, ಆಮೇಲೆ ಅರ್ಧ. ಹಾಲು ಬೆಳ್ಳಗೆ ಕಂಡರೆ ಸಾಕಾಗಿತ್ತು. ಸೌದೆಯ ಒಲೆಯನ್ನು ದಿನಕ್ಕೆ ಎಂಟು ಸಲ ಹಚ್ಚಿ ಎಂಟು ಸಲ ಬಾಟಲಿ ಕುದಿಸುವುದು ಚರಕದ ಮುಂದೆ ಕೂತವಳಿಗೆ ಆಗುವ ಮಾತೇ? ಬೆಳಿಗ್ಗೆ ಒಮ್ಮೆ ಕಲಸಿಟ್ಟರೆ ಸಂಜೆಯವರೆಗೂ ಅದೇ.

ಡಬ್ಬ ಬಂದ ಒಂದೂವರೆ ತಿಂಗಳಿಗೆ ಮುನ್ನಿಗೆ ಭೇದಿ ಹಿಡಿಯಿತು. ಮೊದಲು ಹಲ್ಲಿನ ಭೇದಿಯೆಂದರು, ಆಮೇಲೆ ದೃಷ್ಟಿಯೆಂದರು. ನಾಲ್ಕನೆಯ ದಿನ ಮಗುವಿನ ನೆತ್ತಿ ಗುಳಿಬಿದ್ದಿತ್ತು, ಅಳು ನಿಂತಿತ್ತು. ಕೋಲಾರದ ಆಸ್ಪತ್ರೆಯಲ್ಲಿ ಐದು ದಿನ ಇದ್ದು ಬಂದರು. ಬಾಟಲಿ ಮುಟ್ಟಬೇಡಿ, ಎದೆಹಾಲಿಲ್ಲದೆ ಮಗು ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಮೊಲೆ ಬಿಡಿಸಿದ್ದ ನೂರಕ್ಕನ ಎದೆ ಆಗಲೇ ಬತ್ತಿಹೋಗಿತ್ತು. ನಮ್ಮ ಜಗಲಿಯ ಮೇಲೆ ಕೂತು ಅವಳು ಅದನ್ನು ಹೇಳುವಾಗ ನನ್ನ ಮುಖವನ್ನು ನೋಡಲಿಲ್ಲ. ನೋಡಿ ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಅತ್ತಿಗೆ ತನ್ನ ಮಗನನ್ನು ನನ್ನ ತೊಡೆಗೆ ದಾಟಿಸಿ ಕೈಚಾಚಿದಳು. "ಪಾಪನ್ನ ಇಟ್ಲಾ ಇಯ್ಯಿ. ಕೊಡೇ ಇಲ್ಲಿ."

ನೂರಕ್ಕ ಮಗುವನ್ನು ಇನ್ನಷ್ಟು ಅವಚಿಕೊಂಡಳು. "ನಮ್ಮಲ್ಲಿ ಒಬ್ಬಳ ಹಾಲು ಕುಡಿದೋರು ಅಣ್ಣ ತಂಗಿ ಆಗ್ಬಿಡ್ತಾರೆ ರತ್ನಮ್ಮ. ಆಮೇಲೆ ಅವರಿಬ್ಬರಿಗೂ ನಿಕಾ ಆಗೋಂಗಿಲ್ಲ."

"ನಾವೇನು ಇವರಿಬ್ಬರಿಗೂ ಲಗ್ನ ಇಟ್ಕೊಂಡಿದ್ವಾ? ಅಣ್ಣ ತಂಗಿ ಆದ್ರೆ ಒಳ್ಳೇದೇ ಆಯ್ತು, ಇಯ್ಯಿ."

ನೂರಕ್ಕ ಅಳುತ್ತಲೇ ನಕ್ಕಳು. ಮುನ್ನಿ ಬದುಕಿದಳು. ಏಳು ತಿಂಗಳು ನಮ್ಮ ಮನೆಗೂ ಅವರ ಮನೆಗೂ ನಡುವಿನ ಹದಿನೈದು ಹೆಜ್ಜೆಯ ಬೀದಿಯನ್ನು ಆ ಕೂಸು ಹಗಲಿಗೆ ಐದಾರು ಸಲ ದಾಟಿತು.

ಈ ಕಥೆ ಹೇಳಿದಾಗ ಕೆಲವರು, ನೋಡಿದಿರಾ, ಎಷ್ಟಾದರೂ ನಮ್ಮ ದೇಶವೇ ದೊಡ್ಡದು ಎನ್ನುತ್ತಾರೆ. ನನಗೆ ಮೈಯುರಿಯುತ್ತದೆ. ಎದುರು ಮನೆಯಲ್ಲಿ ಹಾಲೂಡುವ ಅತ್ತಿಗೆಯಿಲ್ಲದ ಬೀದಿಗಳೆಷ್ಟಿದ್ದವು! ಅಲ್ಲಿನ ಮಕ್ಕಳ ಲೆಕ್ಕ ಯಾರ ಹೆಮ್ಮೆಗೆ ಹಾಕುವುದು? ಹಾಗೆಂದು ಆ ದೇಶವೇ ಸ್ವರ್ಗ, ನಮ್ಮದು ನರಕ ಎನ್ನುವವರ ಜೊತೆಯೂ ನಾನು ಕೂರಲಾರೆ. ಡಬ್ಬದಲ್ಲಿ ವಿಷವಿರಲಿಲ್ಲ, ನೂರಕ್ಕನಲ್ಲಿ ಅಸಡ್ಡೆಯಿರಲಿಲ್ಲ. ಅಲ್ಲಿ ಅದೇ ಪುಡಿ ಡಬ್ಬದ ಮೇಲೆ ಬರೆದ ಅಳತೆಯಲ್ಲಿ ಮಕ್ಕಳ ಕೆನ್ನೆ ತುಂಬಿಸುತ್ತಿತ್ತು. ಅಲ್ಲಿ ಆ ಡಬ್ಬದ ಬೆನ್ನಿಗೆ ಶುದ್ಧವಾದ ನೀರು, ಗ್ಯಾಸಿನ ಒಲೆ, ಮುಗಿದರೆ ಇನ್ನೊಂದು ಸಿಗುವ ಅಂಗಡಿ, ಬಿಡುವಿದ್ದ ಎರಡು ಕೈ ನಿಂತಿದ್ದವು. ಇಲ್ಲಿಗೆ ಡಬ್ಬವೊಂದೇ ಬಂದಿತ್ತು. ಸುಖದ ಬಾಳೆಂಬುದು ಕೈಯಲ್ಲಿ ಹಿಡಿಯುವ ವಸ್ತುವಿಗಿಂತ ಅದರ ಹಿಂದೆ ಕಾಣದೆ ದುಡಿಯುವ ವ್ಯವಸ್ಥೆಯಲ್ಲಿದೆ ಎಂಬುದು ಪರೀಕ್ಷೆಯಲ್ಲಿ ಪಾಸಾದ ನನಗೆ ಆಗ ಗೊತ್ತಿರಲಿಲ್ಲ. ಅದು ಗೊತ್ತಿಲ್ಲದವಳು ನಾನೊಬ್ಬಳೇ ಅಲ್ಲ ಎಂಬುದು ಆಮೇಲೆ ತಿಳಿಯಿತು.

ಜಬ್ಬಾರಣ್ಣ ಎರಡು ವರ್ಷದ ನಂತರ ರಜೆಗೆ ಬಂದ. ಬಂದ ಸಂಜೆಯೇ ಹೆಂಡತಿಯ ಜೊತೆ ನಮ್ಮ ಜಗಲಿಗೆ ಬಂದು ಕೂತು, ಅತ್ತಿಗೆಯ ಮಗನ ಹಿಂದೆ ಓಡಾಡುತ್ತಿದ್ದ ಮುನ್ನಿಯನ್ನು ನೋಡಿ ಬೀಗಿದ. "ನೋಡಮ್ಮ ಸರೋಜ, ಆ ಹಾಲು ಕುಡಿದು ಹೆಂಗೆ ಬೆಳೆದವ್ಳೆ!"

ನೂರಕ್ಕ ತಲೆತಗ್ಗಿಸಿದಳು. ದೂರದಲ್ಲಿದ್ದವನಿಗೆ ಸಂಕಟ ಬೇಡವೆಂದು ಅವಳು ಯಾವ ಕಾಗದದಲ್ಲೂ ಏನನ್ನೂ ಬರೆದಿರಲಿಲ್ಲ. ಅತ್ತಿಗೆ ನನಗೆ ಕಣ್ಣಲ್ಲೇ ಬೇಡವೆಂದಳು. ನನ್ನಿಂದ ತಡೆಯಲಾಗಲಿಲ್ಲ. ಎಲ್ಲವನ್ನೂ ಹೇಳಿದೆ: ಮಗುವಿನ ನೆತ್ತಿ ಗುಳಿಬಿದ್ದದ್ದು, ಅತ್ತಿಗೆ ಹಾಲು ಕೊಟ್ಟದ್ದು, ಎಲ್ಲಕ್ಕೂ ಮೊದಲು ನಾನಾಡಿದ ಆ ಮಾತು. ತಪ್ಪು ನನ್ನದು ಅಣ್ಣ, ನೂರಕ್ಕನದಲ್ಲ ಎಂದೆ.

ಅವನು ಮತ್ತೆ ಮುನ್ನಿಯ ಕಡೆ ತಿರುಗಿ ನೋಡಿದ.

"ಅಲ್ಲಿ ನಾನು ಓಡಿಸೋದು ನೀರಿನ ಲಾರಿ ಕಣಮ್ಮ" ಎಂದ ಕೊನೆಗೆ. "ಸಮುದ್ರದ ನೀರು ಸಿಹಿ ಮಾಡಿ ಕೊಡ್ತಾರೆ. ಅದನ್ನ ದೊಡ್ಡ ದೊಡ್ಡ ಮನೆಗಳ ತೊಟ್ಟಿಗೆ ದಿನಾ ತುಂಬ್ಸಿ ಬರೋನು ನಾನೇ. ಆ ಡಬ್ಬ ನೋಡಿದ್ದೂ ಅಂಥ ಮನೇಲೇ. ಚೆನ್ನಾಗಿರೋ ಮಕ್ಕಳು ಕುಡೀತಿದ್ವು, ನನ್ನ ಮಗೂಗೂ ಇರ್ಲಿ ಅಂತ ಕಳಿಸ್ದೆ. ನೀರು ನೆನಪಿಗೇ ಬರ್ಲಿಲ್ಲ."

ಅತ್ತಿಗೆ ಎದ್ದುಹೋಗಿ ಅವನಿಗೆ ಕುಡಿಯಲು ಒಂದು ಲೋಟ ನೀರು ತಂದುಕೊಟ್ಟಳು. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತೇ ಇದ್ದ, ಕುಡಿಯಲಿಲ್ಲ.