ಮೂರು ತಿಂಗಳ ಸಾಕ್ಷಿ

ಇವತ್ತು ಬೆಳಿಗ್ಗೆ ವಡೋದರಾದ ಮಂಜಲ್‌ಪುರ ಬಡಾವಣೆಯ ಲ್ಯಾಬಿನಲ್ಲಿ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದಾಗ, ಆ ವಾಸನೆಗೆ ಕೆಳಮನೆಯ ಅಕ್ಕ ನೆನಪಾದರು. ಧಾರವಾಡದವರು. ಗಂಡನ ರೈಲ್ವೆ ನೌಕರಿಯಿಂದಾಗಿ ಈ ಊರಿಗೆ ಬಂದು, ಇದೇ ಲ್ಯಾಬಿನಲ್ಲಿ ವರ್ಷಗಟ್ಟಲೆ ರಕ್ತ ಪರೀಕ್ಷೆ ಮಾಡಿದವರು. ಅವರ ಸೆರಗಿಗೂ ಇದೇ ವಾಸನೆ...

ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದ ಹೊಸತರಲ್ಲೇ ಸಕ್ಕರೆ ಕಾಯಿಲೆ ಹಿಡಿದಿತ್ತು. ಗುಜರಾತಿಗಳ ಭಾನುವಾರದ ತಿಂಡಿ ಫಾಫ್ಡಾ-ಜಲೇಬಿಯ ರುಚಿಯೂ ಹತ್ತಿಬಿಟ್ಟಿತ್ತು. ಪರೀಕ್ಷೆಗೆ ನಾಲ್ಕು ದಿನ ಇರುವಾಗ ಮಾತ್ರ ಸಾಧುವಾಗುತ್ತಿದ್ದೆ: ಹಾಗಲಕಾಯಿ ರಸ, ಎರಡೇ ಚಪಾತಿ. ರಕ್ತ ಕೊಟ್ಟವನು ಸೀದಾ ಜಲೇಬಿ ಅಂಗಡಿಗೆ! ಖಾಲಿ ಹೊಟ್ಟೆಯ ಸಕ್ಕರೆ ಚೆಂದವಾಗಿ ಬರುತ್ತಿತ್ತು. ಆ ಕಾಗದ ಹಿಡಿದು ಹೆಂಡತಿಯ ಮುಂದೆ ಮೆರೆಯುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಅಷ್ಟೇ.

ಒಂದು ಸಲ ಅಕ್ಕ ನನ್ನನ್ನು ಒಪ್ಪಿಸಿ, ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಪರೀಕ್ಷೆಯನ್ನೂ ಸೇರಿಸಿದರು. ಸಂಜೆ ವರದಿ ಹಿಡಿದು ಮನೆಗೇ ಬಂದರು. ಖಾಲಿ ಹೊಟ್ಟೆಯದು ನೂರಾ ಎಂಟು, ಏಳರೊಳಗೆ ಇರಬೇಕಾದ ಸರಾಸರಿ ಒಂಬತ್ತೂವರೆ.

"ನಾಕ್ ದಿನದ ನಾಟಕಾ ಇದರ ಮುಂದ ನಡಿಯಂಗಿಲ್ಲೋ ತಮ್ಮಾ," ಎಂದರು. "ಮೂರ್ ತಿಂಗಳ ತಿಂದದ್ದು ರಕ್ತದಾಗ ಕುಂತಿರ್ತದ. ಹಿಂಗ ಬಿಟ್ರ ಕಣ್ಣಿಗೆ, ಕಿಡ್ನಿಗೆ ಹೋಗ್ತದ. ನಾಳೇನ ಕಣ್ಣು ತೋರಸು."

"ಕಣ್ಣು ಚೆನ್ನಾಗೇ ಕಾಣುತ್ತಲ್ಲಕ್ಕ," ಎಂದೆ.

"ಕಾಣೂ ಮುಂದನ ತೋರಸಬೇಕು. ಕಾಣದಂಗಾದ ಮ್ಯಾಲೆ ಏನ್ ತೋರಸ್ತಿ?"

ಸಿಟ್ಟು ಬಂತು. ನನ್ನ ಕಳ್ಳಾಟ ಹೆಂಡತಿಯ ಎದುರೇ ಬಯಲಾಗಿತ್ತು. ಆದರೆ ಇದೇ ಕಾಯಿಲೆಯಲ್ಲಿ ಕಣ್ಣು ಕಳೆದುಕೊಂಡ ಅಪ್ಪ, ಕೊನೆಗಾಲದಲ್ಲಿ ನನ್ನ ಮುಖ ಸವರಿ ಗುರುತು ಹಿಡಿಯುತ್ತಿದ್ದರು... ಮರುದಿನ ಕಣ್ಣಿನ ಆಸ್ಪತ್ರೆಗೆ ಹೋದೆ. ಅಕ್ಕನೂ ಜೊತೆಗೆ ಬಂದರು. ಕಣ್ಣಿನ ಹಿಂಭಾಗದ ಪರದೆಯಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆಗಳಿದ್ದವು. ಇನ್ನೂ ಹೊತ್ತು ಮೀರಿಲ್ಲ, ಸಕ್ಕರೆ ಹಿಡಿತಕ್ಕೆ ತಂದರೆ ದೃಷ್ಟಿ ಉಳಿಯುತ್ತದೆ ಎಂದು ವೈದ್ಯರು ಹೇಳಿದಾಗ, ನನಗಿಂತ ಮೊದಲು ನೆಮ್ಮದಿಯ ಉಸಿರು ಬಿಟ್ಟವರು ಅಕ್ಕ. ಪರೀಕ್ಷೆಗೆ ಹಾಕಿದ ಔಷಧಿಯಿಂದ ಎಲ್ಲವೂ ಮಸುಕಾಗಿತ್ತು. ಅಕ್ಕನ ಕೈ ಹಿಡಿದೇ ರಸ್ತೆ ದಾಟಿದೆ. ಅಪ್ಪನ ಕಷ್ಟ ಆಗ ಅರ್ಥವಾಯಿತು.

ಈಗ ಸಂಜೆ, ವರದಿ ಕೈಯಲ್ಲಿದೆ. ಸರಾಸರಿ ಇದೇ ಮೊದಲು ಏಳರೊಳಗೆ ಬಂದು ಆರೂಮುಕ್ಕಾಲು; ಮೂತ್ರದಲ್ಲಿ ಪ್ರೋಟೀನ್ ಇಲ್ಲ, ಅಂದರೆ ಕಿಡ್ನಿಯೂ ಸುರಕ್ಷಿತ. ಕಳೆದ ವಾರ ಕಣ್ಣೂ ಪಾಸಾಯಿತು. ಎದೆ ಹಗುರಾಗಿದೆ. ಈ ಸಲ ಹಾಗಲಕಾಯಿ ರಸ ಕುಡಿಯಲಿಲ್ಲ. ನಿನ್ನೆ ಭಾನುವಾರ ಒಂದೇ ಒಂದು ಜಲೇಬಿಯನ್ನು ಹೆಂಡತಿಯ ಎದುರೇ ತಿಂದಿದ್ದೆ. ಅಕ್ಕ ತೀರಿಕೊಂಡು ಎರಡು ವರ್ಷ. ಸುಳ್ಳು ವರದಿಗಳೆಲ್ಲ ಅವರ ಕೈಯಿಂದಲೇ ಬಂದಿದ್ದವು. ಈ ನಿಜದ್ದೊಂದನ್ನು ತೋರಿಸೋಣವೆಂದರೆ ಅವರಿಲ್ಲ.