ಡ್ರಾಯರಿನ ಪಕ್ಕಕ್ಕೆ ವಾರ್ನಿಷ್

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಬೆಂಗಳೂರಿನ ಆರ್.ಟಿ. ನಗರದ ನಮ್ಮ ಮನೆಯಲ್ಲಿ ಗುಟ್ಟು ಇಟ್ಟುಕೊಳ್ಳಲು ಜಾಗವೇ ಇರಲಿಲ್ಲ. ನನಗೆ ಬಂದ ಕಾಗದಗಳನ್ನು ಅಪ್ಪ ಒಡೆದು, ಗಟ್ಟಿಯಾಗಿ ಓದಿ, ಅಕ್ಷರದ ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ ಆಮೇಲೆ ನನಗೆ ಕೊಡುತ್ತಿದ್ದರು. ಇದನ್ನು ಅವರು ಸಹಾಯವೆಂದೇ ನಂಬಿದ್ದರು. ಅಮ್ಮ ನನ್ನ ಪುಸ್ತಕಗಳನ್ನು ಎತ್ತರದ ಪ್ರಕಾರ ಜೋಡಿಸುತ್ತಿದ್ದರು. ಸಂಖ್ಯಾಶಾಸ್ತ್ರದ ಎರಡು ಸಂಪುಟಗಳ ನಡುವೆ ಉಪ್ಪಿನಕಾಯಿಯ ಪುಸ್ತಕ ಬಂದು ಕೂತರೆ ಅದು ಪುಸ್ತಕದ ಎತ್ತರದ ತಪ್ಪು. ಎಂ.ಎಸ್ಸಿ. ಮುಗಿಸಿದ ಮಗಳನ್ನು ನಾವು ಗಮನಿಸಲಿಲ್ಲ ಎಂದು ಅವರಿಬ್ಬರೂ ಕೊರಗಬೇಕಾದ ಪ್ರಸಂಗ ಎಂದೂ ಬರಲಿಲ್ಲ.

ಆದ್ದರಿಂದ, ಅಜ್ಜಿಯ ತೇಗದ ಮಂಚವನ್ನು ಬಿಚ್ಚಿ ಏನಾದರೂ ಮಾಡಿಸೋಣ ಎಂಬ ಮಾತು ಬಂದಾಗ ನಾನು ಓದುವ ಮೇಜು ಕೇಳಿದೆ. ಅದಕ್ಕೊಂದು ಡ್ರಾಯರ್ ಇರಬೇಕು, ಡ್ರಾಯರಿಗೆ ಬೀಗ ಇರಬೇಕು ಎಂದೆ.

"ಮನೇಲಿ ಬೀಗ ಯಾಕಮ್ಮ? ನಾವೇನ್ ಕಳ್ರಾ?" ಎಂದರು ಅಪ್ಪ.

"ಪೆನ್ನು ಕಳ್ದೋಗತ್ತೆ ಅಪ್ಪ."

ಆ ಹೊತ್ತಿಗೆ ನನ್ನ ಪೆನ್ನು ಅವರ ಜೇಬಿನಲ್ಲೇ ಇದ್ದುದರಿಂದ ಅವರು ಹೆಚ್ಚು ವಾದಿಸಲಿಲ್ಲ.

ಮೇಸ್ತ್ರಿ ನಮ್ಮ ಹಿಂದಿನ ಬೀದಿಯವರು, ಅರವತ್ತು ದಾಟಿದವರು. ಮನೆಯವರೊಡನೆ ಉರ್ದು, ನಮ್ಮೊಡನೆ ಕನ್ನಡ, ಎರಡರಲ್ಲೂ ಮಿತಭಾಷಿ. ಮೂರು ವಾರ ನಮ್ಮ ವರಾಂಡದಲ್ಲಿ ಕೂತು ಕೆಲಸ ಮಾಡಿದರು. ಮಂಚದ ಹಳೆಯ ಬಣ್ಣವನ್ನು ಗಾಜಿನ ಚೂರಿನಿಂದ ಕೆರೆದರು, ಉಪ್ಪುಕಾಗದ ಹಿಡಿದು ಉಜ್ಜಿದರು. ಡ್ರಾಯರಿನ ಮೂಲೆಗಳಿಗೆ ಒಂದು ಮೊಳೆಯನ್ನೂ ಹೊಡೆಯದೆ, ಎರಡು ಕೈಗಳ ಬೆರಳು ಹೆಣೆದ ಹಾಗೆ ಹಲಗೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿದರು. ಸ್ಪಿರಿಟ್‌ನಲ್ಲಿ ಕರಗಿಸಿದ ಅರಗನ್ನು ಬಟ್ಟೆಯ ಉಂಡೆಯಲ್ಲಿ ಅದ್ದಿ ಪದರದ ಮೇಲೆ ಪದರ ಕೊಟ್ಟರು. ಅಪ್ಪ ಕುರ್ಚಿ ಹಾಕಿಕೊಂಡು ಕೂತು, ತಮಗೆ ಗೊತ್ತಿಲ್ಲದ ಈ ವಿದ್ಯೆಯನ್ನು ಅವರಿಗೆ ಕಲಿಸುತ್ತಿದ್ದರು.

ಕೊನೆಯ ದಿನ ಮೇಸ್ತ್ರಿ ಡ್ರಾಯರಿನ ಎರಡೂ ಪಕ್ಕಗಳಿಗೆ ಮೇಣದಬತ್ತಿ ಉಜ್ಜಿ ಒಳಗೆ ತಳ್ಳಿದರು. ಅದು ಸದ್ದಿಲ್ಲದೆ ಹೋಗಿ ಕೂತಿತು.

"ಪಕ್ಕಕ್ಕೆ ಪಾಲಿಶೇ ಹೊಡೀಲಿಲ್ವಲ್ರೀ ಮೇಸ್ತ್ರಿ?"

"ಅಲ್ಲಿ ಹಚ್ಬಾರ್ದು ಸಾರ್. ಮರದ ಮೇಲೆ ಮರ ಓಡ್ಬೇಕು."

"ಓಹೋ," ಎಂದರು ಅಪ್ಪ. ಅವರ ಓಹೋಗೆ ಒಪ್ಪಿಗೆ ಎಂಬ ಅರ್ಥ ನನ್ನ ಅನುಭವದಲ್ಲಿ ಒಮ್ಮೆಯೂ ಇದ್ದದ್ದಿಲ್ಲ.

ಮಾರನೆಯ ದಿನ ನಾನು ಲೈಬ್ರರಿಗೆ ಹೋಗಿದ್ದಾಗ, ಬಾಗಿಲಿಗೆ ಹೊಡೆದು ಉಳಿದಿದ್ದ ವಾರ್ನಿಷ್ ಡಬ್ಬಿಯನ್ನು ಅಪ್ಪ ಅಟ್ಟದಿಂದ ಇಳಿಸಿದರು. ಮೇಸ್ತ್ರಿ ಮಾಡಿದ ಮೋಸವನ್ನು ಸರಿಪಡಿಸಲು ಡ್ರಾಯರಿನ ಪಕ್ಕಗಳಿಗೆ, ಒಳಗಿನ ತಳಕ್ಕೆ, ಉದಾರವಾಗಿ ಬಳಿದರು. ಮಳೆಗಾಲ. ತಳವೇನೋ ಸಂಜೆಯ ಹೊತ್ತಿಗೆ ಮೇಲ್ಮೇಲೆ ಒಣಗಿತು. ಮೇಣದ ಮೇಲೆ ಬಳಿದದ್ದು ಒಣಗುವ ಲಕ್ಷಣವಿರಲಿಲ್ಲ. ಅಪ್ಪ ಡ್ರಾಯರನ್ನು ಸ್ವಸ್ಥಾನಕ್ಕೆ ಸೇರಿಸಿ, ಯಾರಿಗೂ ಹೇಳದೆ ಕಾಫಿ ಕುಡಿದರು. ಗುಟ್ಟು ಕಾಪಾಡುವ ಶಕ್ತಿ ನಮ್ಮ ಮನೆತನದಲ್ಲಿ ಇತ್ತೆಂದು ನನಗೆ ತಿಳಿದದ್ದು ಆಮೇಲೆ.

ಅದೇ ಸಂಜೆ ನಾನು ಒಂದು ಕಾಗದ ತಂದಿದ್ದೆ. ಧಾರವಾಡದಲ್ಲಿ ಸಂಶೋಧನೆಗೆ ನನಗೆ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಇದೇ ಪತ್ರದ ಮೂಲಪ್ರತಿಯೊಂದಿಗೆ ಹಾಜರಾಗದಿದ್ದರೆ ಸೀಟು ಬೇರೆಯವರಿಗೆ ಎಂದು ಅದರಲ್ಲಿತ್ತು. ಅಪ್ಪನ ಕೆಂಪು ಶಾಯಿ ತಪ್ಪಿಸಲು ಗೆಳತಿಯ ಮನೆಯ ವಿಳಾಸ ಕೊಟ್ಟಿದ್ದೆ. ಒಳ್ಳೆಯ ಗಳಿಗೆ ನೋಡಿ ಮನೆಯಲ್ಲಿ ಹೇಳುವುದೆಂದುಕೊಂಡಿದ್ದೆ. ಕಾಗದವನ್ನು ಡ್ರಾಯರಿನ ತಳದಲ್ಲಿಟ್ಟು, ಮೇಲೆ ದಪ್ಪ ನಿಘಂಟು ಹೇರಿ, ಬೀಗ ಹಾಕಿದೆ. ಡ್ರಾಯರ್ ಸ್ವಲ್ಪ ಬಿಗಿಯಾಗಿ ಮುಚ್ಚಿತು. ಹೊಸದಲ್ಲವೇ ಎಂದುಕೊಂಡೆ.

ಗುರುವಾರ ನೋಡಿದರೆ ಬೀಗ ತೆರೆಯಿತು, ಡ್ರಾಯರ್ ಬರಲಿಲ್ಲ. ಶುಕ್ರವಾರ ಹಿಡಿ ಮಾತ್ರ ಕಿತ್ತು ಕೈಗೆ ಬಂತು. ಶನಿವಾರ ಬೆಳಿಗ್ಗೆ ಮೇಸ್ತ್ರಿಯ ಮನೆಗೆ ಹೋದೆ.

"ಮಧ್ಯಾಹ್ನ ಬರ್ತೀರಾ? ಅಪ್ಪ ಮಲಗಿರ್ತಾರೆ."

ಅವರು ನನ್ನ ಮುಖ ನೋಡಿದರು. "ಬರ್ತೀನಮ್ಮಾ. ಮೆಲ್ಲಗೆ ತೆಗೀತೀನಿ," ಎಂದರು. ಬೇರೇನೂ ಕೇಳಲಿಲ್ಲ. ನಮ್ಮ ಬೀದಿಯಲ್ಲಿ ಅಂಥವರು ಅವರೊಬ್ಬರೇ ಇದ್ದಿರಬೇಕು.

ಗಣೇಶೋತ್ಸವದ ಮೈಕಿಗೂ ಏಳದ ಅಪ್ಪ ಆ ಮಧ್ಯಾಹ್ನ ಮೇಸ್ತ್ರಿಯ ಮರದ ಕೊಡತಿಯ ಮೊದಲ ಮೆಲ್ಲನೆಯ ಪೆಟ್ಟಿಗೇ ಎದ್ದು ಬಂದರು. ಹಿಂದೆಯೇ ಅಮ್ಮ. ಎದುರು ಮನೆಯವರು ಹೆಪ್ಪು ಕೇಳುವ ನೆಪದಲ್ಲಿ ಬಟ್ಟಲು ಹಿಡಿದು ಬಂದು ಬಾಗಿಲಲ್ಲೇ ನಿಂತರು.

"ಏನ್ರೀ, ಬೀಗದ ಕೈ ಕಳ್ದೋಯ್ತಾ?"

"ಕೈ ಇದೆ ಕಣ್ರೀ, ಡ್ರಾ ಬರ್ತಿಲ್ಲ," ಎಂದರು ಅಮ್ಮ. "ಅದ್ರಲ್ಲೇನಿದ್ಯೋ, ನಮಗ್ ಹೇಳಿದ್ರಲ್ವೇ."

ಮೇಸ್ತ್ರಿ ಮೇಜನ್ನು ಮಗುಚಿ, ಹಿಂದಿನ ಹಲಗೆ ಬಿಚ್ಚಿ, ಒಳಗಿನಿಂದ ತಟ್ಟಿದರು. ಡ್ರಾಯರ್ ಚರಚರನೆ ಹೊರಬಂತು. ಅವರು ಪಕ್ಕದ ಮೇಲೆ ಹೆಬ್ಬೆಟ್ಟು ಒತ್ತಿ ಎತ್ತಿದರು. ಕಂದು ಎಳೆ ಜೇನಿನ ಹಾಗೆ ಎದ್ದು ಬಂತು.

"ಇದು ಯಾರ್ ಹಚ್ಚಿದ್ದು?"

ಅಪ್ಪ ಕಿಟಕಿಯಾಚೆ ನೋಡುತ್ತಿದ್ದರು. ಅಮ್ಮ ಅಪ್ಪನನ್ನು ನೋಡುತ್ತಿದ್ದರು.

ಮೇಸ್ತ್ರಿ ನಿಘಂಟನ್ನು ಎತ್ತಿಟ್ಟು, ತಳಕ್ಕೆ ಅಂಟಿದ್ದ ಕಾಗದವನ್ನು ತೆಳುವಾದ ಉಳಿಯಿಂದ ಹರಿಯದಂತೆ ಬಿಡಿಸಿದರು. ನನ್ನ ಕೈಗೆ ಕೊಡಲು ಚಾಚಿದ್ದನ್ನು ಅಪ್ಪ ಅಭ್ಯಾಸಬಲದಿಂದ ನಡುವೆಯೇ ತೆಗೆದುಕೊಂಡು, ಅಭ್ಯಾಸಬಲದಿಂದಲೇ ಗಟ್ಟಿಯಾಗಿ ಓದಿದರು. ಸೋಮವಾರ ಎನ್ನುವಲ್ಲಿ ದನಿ ತಗ್ಗಿತು.

"ಧಾರವಾಡ ಅಂದ್ರೆ ಬರೀ ರೊಟ್ಟಿ ಅಲ್ವೇನೇ?" ಎಂದರು ಅಮ್ಮ.

"ಒಂದ್ ಮಾತು ಹೇಳ್ಬಹುದಿತ್ತಲ್ಲ," ಎಂದರು ಅಪ್ಪ. ಒಂದು ಗಂಟೆಯ ಉಪನ್ಯಾಸದ ಪೀಠಿಕೆ ಅದು.

"ನೀವೂ ಹೇಳ್ಬಹುದಿತ್ತು ಅಪ್ಪ," ಎಂದೆ.

ಮೇಸ್ತ್ರಿ ಉಜ್ಜುಗೊರಡು ಹಿಡಿದು ಡ್ರಾಯರಿನ ಪಕ್ಕವನ್ನು ಹೆರೆಯಲು ಕೂತಿದ್ದರು. ತಲೆ ಎತ್ತದೆ, "ಯಾರ್ ಹಚ್ಚಿದ್ದು ಅಂತ ಗೊತ್ತಾದ್ರೆ ಹೇಳಿ ಸಾರ್. ನಾನ್ ಮಾತಾಡ್ತೀನಿ ಅವರ ಹತ್ರ," ಎಂದರು.

ಎದುರು ಮನೆಯವರು ಬಟ್ಟಲಿನೊಂದಿಗೆ ಒಂದು ಹೆಜ್ಜೆ ಒಳಗೆ ಬಂದರು.

"ಅದಿರ್ಲಿ ಬಿಡ್ರಿ," ಎಂದರು ಅಪ್ಪ ಅವಸರವಾಗಿ. "ಇವಳು ನಾಳೆ ಧಾರವಾಡಕ್ಕೆ ಹೊರಡ್ಬೇಕು. ಅದ್ನ ನೋಡೋಣ ಮೊದ್ಲು. ಸೀಟ್ ಸಿಕ್ಕಿದೆ ನಮ್ಮ ಹುಡುಗೀಗೆ, ಸಾಮಾನ್ಯಾನಾ?"

ಮಾತು ಬದಲಿಸಲು ಕೊಟ್ಟ ಅನುಮತಿ ಅದು. ಆದರೆ ಎದುರು ಮನೆಯವರ ಕಿವಿಗೆ ಬಿದ್ದ ಮಾತು ಸಂಜೆಯೊಳಗೆ ಎರಡು ಬೀದಿಯಲ್ಲಿ ಸುತ್ತಿ ಬಂದಿತ್ತು. ಅದನ್ನು ಹಿಂದಕ್ಕೆ ಪಡೆಯುವುದು ಯಾರಿಂದಲೂ ಸಾಧ್ಯವಿರಲಿಲ್ಲ.

ಭಾನುವಾರ ಬಸ್ಸಿನಲ್ಲಿ ಅಪ್ಪ ನನ್ನ ಪಕ್ಕದಲ್ಲೇ ಕೂತಿದ್ದರು. ನಾನೊಬ್ಬಳೇ ಹೋಗುವುದು ಎಂದೂ ಚರ್ಚೆಗೆ ಬರುವ ವಿಷಯವಾಗಿರಲಿಲ್ಲ. ಸೋಮವಾರ ಕಚೇರಿಯಲ್ಲಿ ಗುಮಾಸ್ತರು ನನ್ನ ಪತ್ರವನ್ನು ಬೆಳಕಿಗೆ ಹಿಡಿದರು.

"ಇದೇನ್ರಿ, ಮೂಲ್ಯಾಗ ಅಂಟಂಟ ಆಗೇತಿ?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಮುಂದೆ ಬಂದರು. "ನಮ್ಮ ಮೇಸ್ತ್ರಿ ಸರಿಯಿಲ್ಲ ಸಾರ್. ಎಷ್ಟ್ ಹೇಳಿದ್ರೂ ಕೇಳಲ್ಲ."

ಗುಮಾಸ್ತರು ಪಾಪ ಎಂಬಂತೆ ತಲೆದೂಗಿ ರಿಜಿಸ್ಟರ್ ತಿರುಗಿಸಿದರು. ಅವರು ಬೆರಳಿಟ್ಟ ಜಾಗದಲ್ಲಿ ನಾನು ಸಹಿ ಮಾಡಿದೆ.